ಮೊದಲ ಆರ್‌ಸಿ ಟ್ಯಾಂಕ್: ತಗೊಳ್ಳೋದು ಹೆಂಗೆ, ಆಮೇಲೆ ಗಟ್ಟಿ ಮಾಡೋದು ಹೆಂಗೆ (ಟ್ರ್ಯಾಕಿಂದ ಶುರು ಮಾಡ್ಬೇಡಿ, ಗೇರಿಂದ ಮಾಡಿ)

ನಮ್ ಮಾವನ ಮನೆ ಮಂಡ್ಯ ಹತ್ರ ಒಂದು ಹಳ್ಳಿ. ಒಂದ್ಸಲ ಯುಗಾದಿಗೆ ಮೈಸೂರಿಂದ ಹೋಗೋವಾಗ ಬಟ್ಟೆ ಬ್ಯಾಗ್ ಜೊತೆ ನನ್ನ ಆರ್‌ಸಿ ಟೈಗರ್ ಟ್ಯಾಂಕನ್ನೂ (ರಿಮೋಟಲ್ಲಿ ಓಡೋ ಆಟಿಕೆ, ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ ಮಾದರಿ) ಡಬ್ಬದ ಸಮೇತ ಕಾರಲ್ಲಿ ಹಾಕ್ಕೊಂಡಿದ್ದೆ, ಯಾಕಂದ್ರೆ ಆಗಷ್ಟೇ ಅದಕ್ಕೆ ಮೆಟಲ್ ಟ್ರ್ಯಾಕ್ ಹಾಕಿದ್ದೆ, ಮಿರಮಿರ ಅಂತಿತ್ತು, ಯಾರಿಗಾದ್ರೂ ತೋರಿಸ್ದೆ ಇರಕ್ಕಾಗ್ತಿರ್ಲಿಲ್ಲ. ಕಬ್ಬು ಕಡಿದು ಖಾಲಿಯಾಗಿದ್ದ ಗದ್ದೆಗೆ ಇಳಿಸಿದೆ. ಊರಿನ ಹುಡುಗ್ರೆಲ್ಲ ಬದದ ಮೇಲೆ ಸಾಲಾಗಿ ಕೂತ್ರು. ಮೂರು ಕೂಳೆ ದಾಟಿತು, ನಾಲ್ಕನೇದಕ್ಕೆ ಹತ್ತೋವಾಗ ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು, ಬಲಗಡೆ ಟ್ರ್ಯಾಕ್ ನಿಂತೋಯ್ತು, ಎಡಗಡೆದು ಮಾತ್ರ ತಿರುಗ್ತಾ ಗಾಣದೆತ್ತು ಥರ ಅಲ್ಲೇ ಸುತ್ತೋಕೆ ಶುರು ಮಾಡ್ತು. "ಅಣ್ಣೋ, ಕೆಟ್ಟೋಯ್ತಾ?" ಅಂತ ಒಬ್ಬ. ಮಾವ ಬಂದು ನೋಡಿ, "ಎತ್ತು ಕಟ್ಟಿ ಎಳ್ಸುವಾ ಬುಡಿ ಅಳಿಯಂದ್ರೇ" ಅಂದ್ರು. ರಾತ್ರಿ ಬಿಚ್ಚಿ ನೋಡಿದ್ರೆ ಗೇರ್‌ಬಾಕ್ಸ್ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಒಂದು ಕಡೆ ಪೂರ್ತಿ ಸವೆದು, ಗ್ರೀಸ್ ತುಂಬಾ ಬಿಳಿ ಪುಡಿ.

ತಪ್ಪು ನಂದೇ. ಟ್ಯಾಂಕ್ ಅನ್ನೋದು ಮೋಟರಿಂದ ಟ್ರ್ಯಾಕ್ ತನಕ ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿ ಇದ್ದಂಗೆ. ಮೋಟರ್, ಗೇರ್, ಶಾಫ್ಟ್, ಸ್ಪ್ರಾಕೆಟ್ (ಟ್ರ್ಯಾಕ್ ಎಳೆಯೋ ಹಲ್ಲಿನ ಚಕ್ರ), ಟ್ರ್ಯಾಕ್. ನೀವು ಕೊನೇ ಕೊಂಡಿನ ಭಾರ ಮಾಡಿದ್ರೆ ಆ ಭಾರ ಹೊರೋದು ಹಿಂದಿನ ಕೊಂಡಿ. ಅದಕ್ಕೇ ಹೊಸಬ್ರಿಗೆ ಅಂತ ಇದನ್ನ ಬರೀತಿದೀನಿ, ನಾನು ಉಲ್ಟಾ ಮಾಡಿದ್ದನ್ನ ನೀವು ಸೀದಾ ಮಾಡಿ.

ಮೊದಲು ಎಲ್ಲಿ ಓಡಿಸ್ತೀರ ಅಂತ ನೋಡ್ಕೊಳ್ಳಿ

ಟ್ಯಾಂಕ್ ಆರಿಸೋಕೆ ಮುಂಚೆ ಜಾಗ. ಮನೆ ಹಾಲ್, ಟೆರೇಸ್, ಕಾಂಪೌಂಡ್ ಒಳಗಿನ ಮಣ್ಣು, ಇಲ್ಲಾ ಹೊಲ ಗದ್ದೆ. ಹಾಲಲ್ಲೇ ಓಡಿಸೋದಾದ್ರೆ ಪ್ಲಾಸ್ಟಿಕ್ ಟ್ರ್ಯಾಕೇ ಸಾಕು, ಮೆಟಲ್ ಹಾಕಿದ್ರೆ ಟೈಲ್ಸ್ ಮೇಲೆ ಗೆರೆ ಬೀಳತ್ತೆ, ಮನೇಲಿ ಬೈಸ್ಕೋತೀರ. ನಮ್ಮ ಕಡೆ ಕೆಂಪು ಮಣ್ಣು ಒಣಗಿದ್ದಾಗ ಚೆನ್ನಾಗೇ ಇರತ್ತೆ, ಆದ್ರೆ ಒಂದು ಮಳೆ ಬಿದ್ರೆ ಅಂಟು ಥರ ಹಿಡ್ಕೊಳತ್ತೆ, ನಾಲೆ ಬಯಲಿನ ಗದ್ದೆ ಮಣ್ಣಂತೂ ಕೇಳ್ಲೇಬೇಡಿ.

ಸ್ಕೇಲ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, 1/16 ತಗೊಳ್ಳಿ, ಅಂದ್ರೆ ಅಸಲಿ ಟ್ಯಾಂಕಿನ ಹದಿನಾರನೇ ಒಂದು ಭಾಗ ಸೈಜು. 1/24, 1/30, 1/35 ಎಲ್ಲಾ ಸಿಗತ್ತೆ, ಟೇಬಲ್ ಮೇಲೆ ಆಡಕ್ಕೆ ಮಜಾ ಇದೆ, ಆದ್ರೆ ಬಿಡಿಭಾಗ, ಅಪ್‌ಗ್ರೇಡ್ ಅಂತ ಹುಡುಕೋಕೆ ಹೋದ್ರೆ ಸಿಗೋದೆಲ್ಲ ಹೆಚ್ಚುಕಮ್ಮಿ 1/16ಕ್ಕೇ. ಸೈಜ್ ಗೊತ್ತಾಗ್ಲಿ ಅಂತ ಹೇಳ್ತೀನಿ, ಅಸಲಿ ಟೈಗರ್ 1 ತೋಪಿನ ಕೊಳವೆ ಸೇರಿ ಸುಮಾರು 8.45 ಮೀಟರ್, 16ರಿಂದ ಭಾಗಿಸಿದ್ರೆ 53 ಸೆಂಟಿಮೀಟರ್ ಹತ್ರ. ಅಂದ್ರೆ ಟಿವಿ ಸ್ಟ್ಯಾಂಡ್ ಮೇಲೆ ಇಟ್ರೆ ಕೊಳವೆ ಆಚೆಗೆ ಬರತ್ತೆ, ಓಡಾಡೋರ ಸೊಂಟಕ್ಕೆ ತಗಲತ್ತೆ.

ಯಾವ ಟ್ಯಾಂಕು

ಎಲ್ರೂ ಟೈಗರ್ ಕಡೆಗೇ ಹೋಗ್ತಾರೆ, ನಾನೂ ಹೋಗಿದ್ದೆ. ನೋಡಕ್ಕೆ ಚೆಂದ, ಒಪ್ತೀನಿ. ಆದ್ರೆ ಟೈಗರ್, ಅದೇ ಕಾಲದ ಇನ್ನೊಂದು ಜರ್ಮನ್ ಟ್ಯಾಂಕ್ ಪ್ಯಾಂಥರ್, ಎರಡರಲ್ಲೂ ಚಕ್ರಗಳು ಒಂದರ ಹಿಂದೆ ಒಂದು ಹೆಣೆದಂಗೆ ಇರತ್ತೆ, ಮಧ್ಯೆ ಸಂದಿ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಚಳಿಗೆ ಈ ಸಂದೀಲಿ ಕೆಸರು ಹೆಪ್ಪುಗಟ್ಟಿ ಅಸಲಿ ಟ್ಯಾಂಕ್‌ಗಳೇ ಒದ್ದಾಡಿದ್ವು, ಇನ್ನು ನಮ್ಮ ಮಾಡೆಲ್ ಯಾವ ಲೆಕ್ಕ. ಒಳಗಿನ ಸಾಲಿನ ಚಕ್ರ ಕ್ಲೀನ್ ಮಾಡ್ಬೇಕಂದ್ರೆ ಹೊರಗಿನ ಸಾಲು ಬಿಚ್ಚಬೇಕು.

ಮಣ್ಣಲ್ಲಿ ಓಡಿಸೋ ಹೊಸಬ್ರಿಗೆ ನನ್ನ ವೋಟು ಅದೇ ಯುದ್ಧದ ಸೋವಿಯತ್ ಟ್ಯಾಂಕ್ ಟಿ-34/85ಗೆ. ಒಂದೊಂದು ಕಡೆ ಐದೇ ಐದು ದೊಡ್ಡ ಚಕ್ರ, ಪೈಪ್ ಹಿಡಿದ್ರೆ ಮಣ್ಣು ಹೋಗತ್ತೆ. (ಪೈಪ್ ಅಂದೆ ಅಂತ ಟ್ಯಾಂಕ್ ಮೇಲೆಲ್ಲ ನೀರು ಬಿಡ್ಬೇಡಿ, ಕೆಳಗಿನ ಚಕ್ರಕ್ಕೆ ಮಾತ್ರ, ಅದೂ ಮೆಲ್ಲಗೆ.) ನಮ್ಮ ಸೇನೆ ಟ್ಯಾಂಕೇ ಬೇಕು ಅನ್ನೋರು ಟಿ-90 ನೋಡಬಹುದು, ಭೀಷ್ಮ ಅಂತ ನಮ್ಮವರು ಹೆಸರಿಟ್ಟಿರೋದು ಇದಕ್ಕೇ, ಟಿ-72ಗೆ ಅಜೇಯ. ಎರಡರದ್ದೂ 1/16 ಮಾಡೆಲ್ ಬರತ್ತೆ, ರಷ್ಯಾದ ಬಣ್ಣದಲ್ಲಿ ಬಂದ್ರೂ ನೀವೇ ಬಳ್ಕೋಬಹುದು. ಅಮೆರಿಕದ ಶೆರ್ಮನ್ ಕೂಡ ಒಳ್ಳೇದೇ, 1965ರ ಯುದ್ಧದಲ್ಲಿ ನಮ್ಮ ಕಡೆಯಿಂದ ಓಡಿದ ಟ್ಯಾಂಕ್ ಅದು, ಚಕ್ರ ಸಣ್ಣದು ಆದ್ರೆ ಬಿಡಿಬಿಡಿಯಾಗಿದೆ.

ಕಂಪನಿ ವಿಷಯಕ್ಕೆ ಬಂದ್ರೆ ಶುರು ಮಾಡೋರಿಗೆ ಹೆಂಗ್ ಲಾಂಗ್. ಜಪಾನಿನ ಟಮಿಯಾ ದೇವರಂಥದ್ದು, ಬಿಡಿಬಿಡಿ ಕಿಟ್ಟಾಗಿ ಬರತ್ತೆ, ನೀವೇ ಜೋಡಿಸ್ಕೋಬೇಕು, ಬೆಲೆ ಕೇಳಿದ್ರೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೆನಪಾಗತ್ತೆ. ಟೈಗೆನ್, ಟೊರೊ ಮಧ್ಯದವು, ಮೆಟಲ್ ಭಾಗ ಜಾಸ್ತಿ.

ತಗೊಳ್ಳೋವಾಗ ಡಬ್ಬದ ಮೇಲೆ ನೋಡ್ಬೇಕಾದ್ದು

ಒಂದು, ಒಳಗಿನ ಬೋರ್ಡ್ (ಮೋಟರ್, ಸದ್ದು ಎಲ್ಲಾ ನಡೆಸೋ ಸರ್ಕ್ಯೂಟು) ಯಾವುದು. ಹೆಂಗ್ ಲಾಂಗ್‌ನಲ್ಲಿ ಟಿಕೆ 6.0, 7.0 ಅಂತ ಬರೋವೆಲ್ಲ 2.4 ಗಿಗಾಹರ್ಟ್ಸ್ ರಿಮೋಟಿಂದು, ಇದರಲ್ಲಿ ರಿಮೋಟಿನ ಕಡ್ಡಿ ಎಷ್ಟು ಒತ್ತಿದ್ರೆ ಅಷ್ಟೇ ವೇಗ. ಯಾರಾದ್ರೂ ಮನೇಲಿ ಹಳೇದಿದೆ ಅಂತ 27 ಇಲ್ಲಾ 40 ಮೆಗಾಹರ್ಟ್ಸ್‌ದು, ಉದ್ದ ಆಂಟೆನಾ ಇರೋದು ಅಗ್ಗಕ್ಕೆ ಕೊಟ್ರೆ ಅಲಂಕಾರಕ್ಕೆ ಮಾತ್ರ ತಗೊಳ್ಳಿ.

ಎರಡು, ಅದೇ ಟ್ಯಾಂಕು ಎರಡು ಮೂರು ದರ್ಜೇಲಿ ಬರತ್ತೆ. ಬರೀ ಪ್ಲಾಸ್ಟಿಕ್ ಗೇರ್‌ದು, ಸ್ಟೀಲ್ ಗೇರ್ ಹಾಕಿರೋದು, ಆಮೇಲೆ ಪ್ರೊ ಅಂತ ಟ್ರ್ಯಾಕ್ ಸ್ಪ್ರಾಕೆಟ್ ಎಲ್ಲಾ ಮೆಟಲ್ ಇರೋದು. ಅಂಗಡಿಯವ್ರು ಎಲ್ಲಾದಕ್ಕೂ "ಮೆಟಲ್ ವರ್ಶನ್ ಸಾರ್" ಅಂತಾರೆ, ನಂಬಬೇಡಿ, ಗೇರ್‌ಬಾಕ್ಸ್ ಸ್ಟೀಲಾ ಅಂತ ಬಿಡಿಸಿ ಕೇಳಿ. ಮಧ್ಯದ್ದು ತಗೊಂಡು ಉಳಿದಿದ್ದನ್ನ ಆಮೇಲೆ ಹಾಕೊಳ್ಳೋದು ನನಗೆ ಸರಿ ಅನ್ಸತ್ತೆ, ಕೈಯಲ್ಲಿ ಬಿಚ್ಚಿ ಜೋಡಿಸಿದ್ರೇನೇ ಟ್ಯಾಂಕು ಅರ್ಥ ಆಗೋದು.

ಮೂರು, ಗುಂಡು. ಕೆಲವು 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸತ್ತೆ, ಕೆಲವು ಇನ್‌ಫ್ರಾರೆಡ್, ಅಂದ್ರೆ ಟಿವಿ ರಿಮೋಟ್ ಥರ ಕಣ್ಣಿಗೆ ಕಾಣ್ದಿರೋ ಬೆಳಕು. ಮನೇಲಿ ಮಕ್ಕಳಿದ್ರೆ ಇನ್‌ಫ್ರಾರೆಡ್ಡೇ ತಗೊಳ್ಳಿ, ಎರಡನೇ ಮಾತಿಲ್ಲ. ಗುಂಡು ಕಣ್ಣಿಗೆ ಬಿದ್ರೆ ಆಟ ಅಲ್ಲ ಅದು. ಇಬ್ಬರ ಹತ್ರ ಇದ್ರೆ ಇನ್‌ಫ್ರಾರೆಡ್ಡಲ್ಲಿ ಯುದ್ಧನೂ ಆಡಬಹುದು, ಏಟು ಬಿದ್ದಾಗ ಟ್ಯಾಂಕು ಗಡಗಡ ಅಲ್ಲಾಡತ್ತೆ, ತುಂಬಾ ಏಟು ಬಿದ್ರೆ ಸತ್ತು ನಿಂತ್ಕೊಳತ್ತೆ. ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಆಡ್ಬೇಡಿ, ಸೂರ್ಯನ ಬೆಳಕಲ್ಲೂ ಇನ್‌ಫ್ರಾರೆಡ್ ಇರೋದ್ರಿಂದ ಸರಿಯಾಗಿ ಗುರಿ ಇಟ್ರೂ ಎದುರಿನ ಟ್ಯಾಂಕಿಗೆ ಗೊತ್ತಾಗಲ್ಲ, ಸಂಜೆ ಐದರ ಮೇಲೆ ಇಟ್ಕೊಳ್ಳಿ.

ಹೊರದೇಶದಿಂದ ತರಿಸೋ ಯೋಚನೆ ಇದ್ರೆ ಕಸ್ಟಮ್ಸ್ ಲೆಕ್ಕ ಮೊದಲೇ ಹಾಕಿ. ಆಟಿಕೆ ಮೇಲಿನ ಮೂಲ ಆಮದು ಸುಂಕ 2020ರಲ್ಲಿ 20 ಪರ್ಸೆಂಟಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಆ ದರ ಬಿದ್ರೆ ಹತ್ತು ಸಾವಿರದ ಮಾಲಿಗೆ ಏಳು ಸಾವಿರ ಬರೀ ಸುಂಕ, ಅದರ ಮೇಲೆ ಜಿಎಸ್‌ಟಿ ಬೇರೆ. ಅದಕ್ಕೇ ಇಲ್ಲೇ ಬಿಲ್ ಕೊಟ್ಟು ಮಾರೋರ ಹತ್ರ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ ಅಂತೀನಿ. ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕಳಿಸೋದು ತಲೆನೋವು, ಅದನ್ನಂತೂ ಇಲ್ಲೇ ತಗೊಳ್ಳಿ.

ಬ್ಯಾಟರಿ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ

ಈಗಿನ ಟ್ಯಾಂಕ್ ಓಡೋದು 7.4 ವೋಲ್ಟ್ ಮೇಲೆ, ಎರಡು ಲಿಥಿಯಂ ಸೆಲ್ ಸೀರೀಸಲ್ಲಿ. ಪೂರ್ತಿ ಚಾರ್ಜಾದಾಗ 8.4 ತೋರಿಸತ್ತೆ, 6.4ಕ್ಕೆ ಇಳಿದ್ರೆ ನಿಲ್ಲಿಸಿ, 6ರ ಕೆಳಗೆ ಹೋದ್ರೆ ಸೆಲ್ ಹಾಳು. ಇದಕ್ಕೆ ಒಂದು ಸಾದಾ ಮಲ್ಟಿಮೀಟರ್ ಬೇಕೇ ಬೇಕು, ಯಾವ ಅಪ್‌ಗ್ರೇಡ್‌ಗಿಂತಲೂ ಮೊದಲು ಅದನ್ನ ತಗೊಳ್ಳಿ. ಡಬ್ಬದಲ್ಲಿ ಬರೋ ಚಾರ್ಜರ್ ತುಂಬಾ ನಿಧಾನ, 1800 ಎಂಎಎಚ್ ಬ್ಯಾಟರಿಗೆ 500 ಮಿಲಿ ಆಂಪ್ ಕೊಟ್ರೆ ನಾಲ್ಕು ಗಂಟೆ ಹತ್ರ ಹಿಡಿಯತ್ತೆ, ಅದಕ್ಕೇ ಜನ ರಾತ್ರಿ ಹಾಕಿ ಮಲಗ್ತಾರೆ, ಅದೇ ಮಾಡಬಾರದ್ದು. ಎದುರಿಗೆ ಕೂತಿರೋವಾಗ ಚಾರ್ಜ್ ಮಾಡಿ, ಕೆಳಗೆ ಒಂದು ಟೈಲ್ಸ್ ತುಂಡು ಇಲ್ಲಾ ಹಳೇ ಸ್ಟೀಲ್ ತಟ್ಟೆ ಇಡಿ. ಊದಿಕೊಂಡಿರೋ ಬ್ಯಾಟರಿ ಮತ್ತೆ ಉಪಯೋಗಿಸ್ಲೇಬೇಡಿ.

ಪವರ್ ಜಾಸ್ತಿ ಬರ್ಲಿ ಅಂತ 11.1 ವೋಲ್ಟ್ ಹಾಕೋ ಬುದ್ಧಿವಂತರಿದಾರೆ. ಬೋರ್ಡು ಸುಟ್ಟ ವಾಸನೆ ಬೇಕಿದ್ರೆ ಹಾಕಿ. ಬೇರೆ ಬ್ಯಾಟರಿ ತಗೊಂಡಾಗ ಪ್ಲಗ್ ಕೂತ್ಕೊಳತ್ತೆ ಅಂತ ಸುಮ್ಮನೆ ಚುಚ್ಚಬೇಡಿ, ಕೆಂಪು ಕಪ್ಪು ವೈರ್ ಕೆಲವು ಪ್ಯಾಕಲ್ಲಿ ಅದಲು ಬದಲಾಗಿರತ್ತೆ, ಮೀಟರ್ ಇಟ್ಟು ಪ್ಲಸ್ ಮೈನಸ್ ನೋಡಿ ಆಮೇಲೆ ಹಾಕಿ.

ಮೊದಲ ವಾರ ಏನೂ ಬದಲಾಯಿಸ್ಬೇಡಿ

ನಾಲ್ಕೈದು ಚಾರ್ಜ್ ಇದ್ದಂಗೇ ಓಡಿಸಿ. ಯಾವ ಕಡೆ ವಾಲತ್ತೆ, ತಿರುಗೋವಾಗ ಯಾವ ಟ್ರ್ಯಾಕ್ ಕಳಚತ್ತೆ, ಯಾವ ಮೋಟರ್ ಸದ್ದು ಬೇರೆ ಥರ ಇದೆ, ಇದನ್ನೆಲ್ಲ ಕಿವಿಗೆ ಕಣ್ಣಿಗೆ ರೂಢಿ ಮಾಡ್ಕೊಳ್ಳಿ. ಟ್ಯಾಂಕಿಗೆ ಸ್ಟೇರಿಂಗ್ ಇಲ್ಲ, ಎಡ ಬಲಕ್ಕೆ ಒಂದೊಂದು ಮೋಟರ್, ಒಂದು ನಿಧಾನ ಆದ್ರೆ ಆ ಕಡೆ ತಿರುಗತ್ತೆ, ಒಂದು ಮುಂದೆ ಒಂದು ಹಿಂದೆ ಹೋದ್ರೆ ನಿಂತ ಜಾಗದಲ್ಲೇ ತಿರುಗತ್ತೆ. ನಿಂತಲ್ಲೇ ತಿರುಗಿಸೋದು ನೋಡಕ್ಕೆ ಮಜಾ, ಆದ್ರೆ ಗೇರಿಗೆ ಅತೀ ಜಾಸ್ತಿ ಭಾರ ಬೀಳೋದೂ ಆಗಲೇ, ಹುಲ್ಲಿನ ಮೇಲಂತೂ ಬೇಡ.

ಆಮೇಲೆ ಒಂದು ಭಾನುವಾರ ಬಿಚ್ಚಿ. ತಳದಲ್ಲಿ ಸ್ಕ್ರೂ ಇರತ್ತೆ, ಒಂದೊಂದು ಒಂದೊಂದು ಉದ್ದ, ಕಾಗದದ ಮೇಲೆ ಟ್ಯಾಂಕಿನ ಚಿತ್ರ ಬರೆದು ಬಿಚ್ಚಿದ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಮೇಲ್ಭಾಗನ ಪೂರಿ ಬಾಣಲೆ ಮುಚ್ಚಳ ಎತ್ತೋ ಥರ ಗಬಕ್ಕನೆ ಎತ್ತಬೇಡಿ, ಗೋಪುರದ (ತೋಪಿನ ಜೊತೆ ತಿರುಗೋ ತಲೆಭಾಗದ) ವೈರೆಲ್ಲ ಬೋರ್ಡಿಗೆ ಸಿಕ್ಕಿರತ್ತೆ. ಮೊಬೈಲಲ್ಲಿ ಫೋಟೋ ತೆಗೆದು ಆಮೇಲೆ ಪ್ಲಗ್ ಕೀಳಿ. ಗೇರ್ ಮೇಲೆ ಬಿಳಿ ಲಿಥಿಯಂ ಗ್ರೀಸ್, ಕಡಲೆಕಾಳಷ್ಟು ಸಾಕು, ಮದುವೆ ಮನೆ ತುಪ್ಪ ಥರ ಸುರೀಬೇಡಿ.

ಅಪ್‌ಗ್ರೇಡ್: ಮೊದಲು ಒಳಗೆ, ಆಮೇಲೆ ಹೊರಗೆ

ಮೊದಲನೇದು ಸ್ಟೀಲ್ ಗೇರ್‌ಬಾಕ್ಸ್, ಎಡ ಬಲ ಜೋಡಿಯಾಗಿ. ಒಂದೇ ಕಡೆ ಬದಲಾಯಿಸಿದ್ರೆ ಎರಡೂ ಕಡೆ ವೇಗ ಬೇರೆ ಬೇರೆಯಾಗಿ ಟ್ಯಾಂಕು ಸೀದಾ ಹೋಗಲ್ಲ. 3:1, 4:1 ಅಂತ ಎರಡು ಥರ ಸಿಗತ್ತೆ, ನಾನು ನಿಧಾನದ್ದೇ, ಅಂದ್ರೆ 4:1, ತಗೊಳ್ಳಿ ಅಂತೀನಿ. ಲೆಕ್ಕ ಹಾಕಿ ನೋಡಿ, ಅಸಲಿ ಟೈಗರ್ ರಸ್ತೆ ಮೇಲೆ ಗಂಟೆಗೆ 40 ಕಿಲೋಮೀಟರ್ ಆಸುಪಾಸು, 16ರಿಂದ ಭಾಗಿಸಿದ್ರೆ ಎರಡೂವರೆ ಕಿಲೋಮೀಟರ್, ಅಂದ್ರೆ ಊಟ ಆದ್ಮೇಲೆ ಅಜ್ಜ ವಾಕಿಂಗ್ ಹೋಗೋ ಸ್ಪೀಡು. ಅದಕ್ಕಿಂತ ಜೋರಾಗಿ ಓಡಿದ್ರೆ ಟ್ಯಾಂಕ್ ಥರ ಕಾಣಲ್ಲ, ಇಲಿ ಥರ ಕಾಣತ್ತೆ. ಬುಶ್ (ಶಾಫ್ಟ್ ತಿರುಗೋ ಬರೀ ಉಂಗುರ) ಬದಲು ಬಾಲ್ ಬೇರಿಂಗ್ ಇರೋ ಗೇರ್‌ಬಾಕ್ಸ್ ಸಿಕ್ರೆ ಅದನ್ನೇ ತಗೊಳ್ಳಿ, ಮೋಟರ್ ಬಿಸಿ ಕಮ್ಮಿ ಆಗತ್ತೆ.

ಎರಡನೇದು ಸ್ಪ್ರಾಕೆಟ್ ಮತ್ತೆ ಐಡ್ಲರ್. ಟ್ರ್ಯಾಕನ್ನ ಎಳಿಯೋ ಹಲ್ಲಿನ ಚಕ್ರ ಸ್ಪ್ರಾಕೆಟ್, ಎದುರು ತುದೀಲಿ ಬಿಗಿ ಹಿಡಿಯೋದು ಐಡ್ಲರ್. ಟೈಗರ್, ಪ್ಯಾಂಥರ್, ಶೆರ್ಮನ್‌ಗೆ ಸ್ಪ್ರಾಕೆಟ್ ಮುಂದೆ, ಟಿ-34, ಟಿ-90ಗೆ ಹಿಂದೆ. ಪ್ಲಾಸ್ಟಿಕ್ ಸ್ಪ್ರಾಕೆಟ್ ಮೇಲೆ ಮೆಟಲ್ ಟ್ರ್ಯಾಕ್ ಹಾಕಿದ್ರೆ ಹಲ್ಲು ಪೆನ್ಸಿಲ್ ಚೂಪು ಮಾಡಿದಂಗೆ ಸವೆಯತ್ತೆ. ಶಾಫ್ಟ್‌ಗೆ ಕೂರಿಸೋವಾಗ ಸ್ಕ್ರೂ ಮೇಲೆ ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲ ಆಗ್ದಂಗೆ ಹಿಡಿಯೋ ಅಂಟು) ಒಂದು ಹನಿ ಹಾಕಿ, ನಡುಗೋದಕ್ಕೆ ಇಲ್ಲಾಂದ್ರೆ ಸ್ಕ್ರೂ ದಾರೀಲೇ ಉದುರಿ ಹೋಗತ್ತೆ. ಪ್ಲಾಸ್ಟಿಕ್‌ಗೆ ಮಾತ್ರ ಅದು ತಾಗಬಾರದು, ಬಿರುಕು ಬಿಡತ್ತೆ.

ಇದೆಲ್ಲಾ ಆದ್ಮೇಲೆ ಟ್ರ್ಯಾಕು. ಮೆಟಲ್ ಟ್ರ್ಯಾಕ್ ಹಾಕೋದು ಬರೀ ಶೋಕಿಗಲ್ಲ. ಅಸಲಿ ಟೈಗರ್ 57 ಟನ್, ಉದ್ದ ಅಗಲ ಎತ್ತರ ಮೂರೂ 16 ಪಟ್ಟು ಕಮ್ಮಿ ಆದ್ರೆ ತೂಕ 4096 ಪಟ್ಟು ಕಮ್ಮಿ, ಲೆಕ್ಕಕ್ಕೆ ಸುಮಾರು 14 ಕಿಲೋ ಇರ್ಬೇಕು. ಪ್ಲಾಸ್ಟಿಕ್ ಮಾಡೆಲ್ ಅದರ ಕಾಲು ಭಾಗದ ಹತ್ರ ಇರತ್ತೆ ಅಷ್ಟೇ, ಅದಕ್ಕೇ ಕಲ್ಲು ಸಿಕ್ಕಿದ್ರೆ ಹತ್ತಿ ಇಳಿಯೋ ಬದಲು ಕಪ್ಪೆ ಥರ ಕುಪ್ಪಳಿಸೋದು. ಮೆಟಲ್ ಟ್ರ್ಯಾಕ್ ತೂಕನ ನೆಲದ ಹತ್ರನೇ ಸೇರಿಸತ್ತೆ, ಆಗ ನಡಿಗೆಗೆ ಒಂದು ಗತ್ತು ಬರತ್ತೆ.

ಹೊಸ ಮೆಟಲ್ ಟ್ರ್ಯಾಕ್ ಗಟ್ಟಿಯಾಗಿ ಹಿಡ್ಕೊಂಡಿರತ್ತೆ. ಒಂದೊಂದು ಕೊಂಡಿನೂ ಕೈಯಲ್ಲೇ ಮುಂದೆ ಹಿಂದೆ ಬಗ್ಗಿಸಿ, ಅಂಟಿಕೊಂಡಿರೋ ಕೊಂಡಿ ಬೆರಳಿಗೆ ಗೊತ್ತಾಗತ್ತೆ. ಆಮೇಲೆ ಟ್ಯಾಂಕನ್ನ ಎರಡು ಪುಸ್ತಕದ ಮೇಲೆ ಕೂರಿಸಿ, ಟ್ರ್ಯಾಕ್ ಗಾಳೀಲಿ ಇರೋ ಹಂಗೆ, ಮುಂದಕ್ಕೆ ಹತ್ತು ನಿಮಿಷ ಹಿಂದಕ್ಕೆ ಹತ್ತು ನಿಮಿಷ ಓಡಿಸಿ, ಮಧ್ಯೆ ಮೋಟರ್ ಮುಟ್ಟಿ ನೋಡ್ತಾ ಇರಿ. ಎಣ್ಣೆ ಹಾಕ್ಬೇಡಿ, ಮಣ್ಣು ಹಿಡ್ಕೊಂಡು ಉಜ್ಜೋ ಕಾಗದ ಆಗೋಗತ್ತೆ, ಬೇಕಿದ್ರೆ ಒಣ ಗ್ರಾಫೈಟ್ ಪುಡಿ. ಕೊಂಡಿ ಸೇರಿಸೋ ಪಿನ್ ಹೊರಗೆ ಜಾರಿ ಬರೋ ಚಾಳಿ ಇದೆ, ಪ್ರತಿ ಸಲ ಓಡಿಸಿದ್ಮೇಲೆ ಒಂದು ಸುತ್ತು ನೋಡಿ, ಹೊರಗೆ ಬಂದಿದ್ದನ್ನ ಸಣ್ಣ ಸುತ್ತಿಗೇಲಿ ತಟ್ಟಿ.

ಬಿಗಿ ಎಷ್ಟಿರ್ಬೇಕು ಅನ್ನೋದೇ ಎಲ್ರೂ ಕೇಳೋ ಪ್ರಶ್ನೆ. ತೀರಾ ಬಿಗಿ ಇದ್ರೆ ಗೇರ್‌ಬಾಕ್ಸ್ ನರಳತ್ತೆ, ಸಡಿಲ ಇದ್ರೆ ತಿರುಗೋವಾಗ ಟ್ರ್ಯಾಕ್ ಕಳಚತ್ತೆ. ಅಸಲಿ ಹೆಂಗಿರತ್ತೆ ಅಂತ ನೋಡ್ಬೇಕಂದ್ರೆ ಮಡಿಕೇರಿ ಕಡೆ ಹೋದಾಗ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಹೋಗಿ, ಅಲ್ಲಿ ಟಿ-55 ನಿಲ್ಲಿಸಿದಾರೆ. ಅದರಲ್ಲಿ ಮೇಲ್ಗಡೆ ಸಣ್ಣ ರೋಲರ್ ಇಲ್ಲ, ಟ್ರ್ಯಾಕು ಚಕ್ರಗಳ ತಲೆ ಮೇಲೇ ಒರಗಿ ಮಧ್ಯೆ ಮಧ್ಯೆ ಜೋತು ಬಿದ್ದಿರತ್ತೆ, ಒಣಗಾಕಿದ ಪಂಚೆ ಥರ. ಟಿ-34, ಟೈಗರ್‌ಗೂ ಅದೇ ರೀತಿ. ಟಿ-90ಗೆ ಮೇಲೆ ರೋಲರ್ ಇರೋದ್ರಿಂದ ಅಷ್ಟು ಜೋತು ಬೀಳಲ್ಲ. ಐಡ್ಲರ್ ಸರಿಸಿದ್ರೂ ಸಡಿಲ ಉಳಿದ್ರೆ ಒಂದು ಕೊಂಡಿ ತೆಗೀರಿ, ಎರಡೂ ಕಡೆ ಒಂದೇ ಲೆಕ್ಕ ಇರ್ಲಿ.

ಸದ್ದು, ಹೊಗೆ, ಬಣ್ಣ

ಸದ್ದು ಸುಧಾರಿಸೋದು ಅತೀ ಅಗ್ಗದ ಅಪ್‌ಗ್ರೇಡು. ಸ್ಪೀಕರ್ ಹಿಂದುಗಡೆ ತೆರೆದಿದ್ರೆ ಮುಂದಿನ ಗಾಳಿ ಹಿಂದಿನ ಗಾಳಿ ಒಂದನ್ನೊಂದು ಹೊಡೆದು ಹಾಕಿ ಬಾಸ್ ಸತ್ತೋಗತ್ತೆ, ಹಿಂದೆ ಒಂದು ಡಬ್ಬಿ ಮುಚ್ಚಿದ್ರೆ ಎಂಜಿನ್ ಸದ್ದು ಗುಡುಗತ್ತೆ. ನಾನು ನಂದಿನಿ ಮೊಸರಿನ ಕಪ್ ಕತ್ತರಿಸಿ ಬಿಸಿ ಅಂಟಲ್ಲಿ ಮೆತ್ತಿದೀನಿ, ವೈರ್ ಹೋಗೋ ತೂತನ್ನೂ ಅಂಟಲ್ಲೇ ಮುಚ್ಚಿದೆ. ಪಕ್ಕದ ಮನೆ ಆಂಟಿ ಯಾರೋ ಬುಲೆಟ್ ಸ್ಟಾರ್ಟ್ ಮಾಡ್ತಿದಾರೆ ಅಂತ ಬಾಗ್ಲಿಗೆ ಬಂದ್ರು. ಸ್ಪೀಕರನ್ನೇ ಬದಲಾಯಿಸೋದಾದ್ರೆ ಹಳೇದರ ಮೇಲೆ ಎಷ್ಟು ಓಮ್ ಬರೆದಿದೆಯೋ ಅಷ್ಟರದ್ದೇ ತಗೊಳ್ಳಿ, ಟಿವಿ ರಿಪೇರಿ ಅಂಗಡೀಲಿ ಸಿಗತ್ತೆ.

ಹೊಗೆ ಬಿಡೋ ಯಂತ್ರದಲ್ಲಿ ಬತ್ತಿ ಸುತ್ತ ಬಿಸಿಯಾಗೋ ತಂತಿ ಇರತ್ತೆ, ದೀಪದ ಥರಾನೇ, ಎಣ್ಣೆ ಮುಗಿದ್ರೆ ಬತ್ತಿ ಸುಡತ್ತೆ. ಅದಕ್ಕಂತಲೇ ಬರೋ ಎಣ್ಣೆ ಹಾಕಿ, ಅಡುಗೆ ಎಣ್ಣೆ ಬೇಡ, ಖಾಲಿ ಇದ್ರೆ ಸ್ವಿಚ್ ಆಫ್ ಮಾಡಿ.

ಬಣ್ಣಕ್ಕೆ ಸೋಪಿನ ನೀರಲ್ಲಿ ಜಿಡ್ಡು ತೊಳೆದು, ಪ್ರೈಮರ್ ಹೊಡೆದು, ಅಕ್ರಿಲಿಕ್ ತೆಳ್ಳಗೆ ಎರಡು ಮೂರು ಕೋಟ್. ಧೂಳು ಹಿಡಿದಂಗೆ ಕಾಣೋಕೆ ಅಂತ ಬಾಟಲಿ ಪುಡಿ ದುಡ್ಡು ಕೊಟ್ಟು ತಗೋಬೇಡಿ. ಮಾವನ ಹೊಲದ ಕೆಂಪು ಮಣ್ಣು ಒಂದು ಹಿಡಿ ತಂದು, ಹಂಚಿನ ಮೇಲೆ ಹುರಿದು, ಹಳೇ ಪಂಚೇಲಿ ವಸ್ತ್ರಗಾಳಿತ ಮಾಡಿದ್ರೆ ಕುಂಕುಮಕ್ಕಿಂತ ನುಣ್ಣಗಾಗತ್ತೆ. ಅದನ್ನ ಮ್ಯಾಟ್ ವಾರ್ನಿಶ್ ಜೊತೆ ಕಲಸಿ ಚಕ್ರದ ಸುತ್ತ, ತಳದ ಅಂಚಿಗೆ ಹಳೇ ಟೂತ್ ಬ್ರಶಲ್ಲಿ ಚಿಮುಕಿಸಿ. ಮೇಲ್ಗಡೆ ಕಮ್ಮಿ, ಕೆಳಗಡೆ ಜಾಸ್ತಿ.

ಬೋರ್ಡ್ ಬದಲಾಯಿಸೋದು ಕೊನೇದು, ಒಂದು ವರ್ಷ ಬಿಟ್ಟು ಯೋಚನೆ ಮಾಡಿ. ಕ್ಲಾರ್ಕ್, ಎಲ್‌ಮಾಡ್ ಅನ್ನೋ ಕಂಪನಿಗಳ ಥರದ ಬೋರ್ಡ್ ಹಾಕಿದ್ರೆ ದೊಡ್ಡ ರೇಡಿಯೋ, ಅಂದ್ರೆ ಜಾಸ್ತಿ ಚಾನೆಲ್ ಇರೋ ರಿಮೋಟು ಬೇಕಾಗತ್ತೆ. ಎಂಜಿನಿಯರಿಂಗ್ ಓದ್ತಿರೋ ಹುಡುಗ್ರಿಗೆ ಆರ್ಡುಯಿನೋ ಗೊತ್ತಿದ್ರೆ ಓಪನ್ ಪಾಂಜರ್ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡ್ಲಿ, ಪ್ರಾಜೆಕ್ಟ್ ವರ್ಕಿಗೂ ಆಯ್ತು ಟ್ಯಾಂಕಿಗೂ ಆಯ್ತು.

ಓಡಿಸಿದ್ಮೇಲೆ, ಇಡೋವಾಗ

ಮಣ್ಣು ಒಣಗೋಕೆ ಬಿಡಿ, ಹಸಿ ಇರೋವಾಗ ಉಜ್ಜಿದ್ರೆ ಸಂದಿಗೆ ಇನ್ನೂ ಒಳಗೆ ಹೋಗತ್ತೆ. ಒಣಗಿದ್ಮೇಲೆ ಬ್ರಶಲ್ಲಿ ಉದುರಿಸಿ. ಸ್ಪ್ರಾಕೆಟ್ ಹತ್ರ ಸುತ್ಕೊಂಡಿರೋ ಕೂದಲು, ಹುಲ್ಲು, ಕಬ್ಬಿನ ತರಗಿನ ನಾರು ಚಿಮಟದಲ್ಲಿ ಎಳೀರಿ. ತಿಂಗಳುಗಟ್ಲೆ ಇಡೋದಾದ್ರೆ ಬ್ಯಾಟರಿ ಹೊರಗೆ ತೆಗೆದು 7.6 ವೋಲ್ಟ್ ಹತ್ರ ಇಟ್ಟು, ಬಿಸಿಲು ಬೀಳ್ದಿರೋ ಕಡೆ ಇಡಿ. ಟ್ರ್ಯಾಕ್ ಮೇಲೆ ಪೂರ್ತಿ ಭಾರ ಬಿಡೋ ಬದಲು ತಳಕ್ಕೆ ಒಂದು ಮರದ ತುಂಡು ಕೊಟ್ರೆ ಸಸ್ಪೆನ್ಶನ್ ಸ್ಪ್ರಿಂಗ್ ಕುಸಿಯಲ್ಲ.

ನಮ್ಮನೇಲಿ ದಸರಾಗೆ ಅಮ್ಮ ಗೊಂಬೆ ಕೂರಿಸೋವಾಗ ಈ ಟ್ಯಾಂಕು ಪಟ್ಟದ ಗೊಂಬೆ ಕೆಳಗಿನ ಮೆಟ್ಟಿಲಲ್ಲಿ, ಮರದ ಆನೆ ಪಕ್ಕ ಕಾವಲಿಗೆ ನಿಲ್ಲತ್ತೆ. ಆಯುಧಪೂಜೆ ದಿನ ಸ್ಕೂಟರ್ ಕಾರಿಗೆ ಆದ್ಮೇಲೆ ಇದಕ್ಕೂ ಕುಂಕುಮ ಹಚ್ಚಿ, ಟ್ರ್ಯಾಕ್ ಕೆಳಗೆ ನಿಂಬೆಹಣ್ಣು ಇಟ್ಟು "ಹತ್ತಿಸೋ" ಅಂತಾರೆ. ಇಡೀ ಹಣ್ಣು ಇಟ್ರೆ ಉರುಳಿಕೊಂಡು ಸ್ಪ್ರಾಕೆಟ್ ಸಂದಿಗೆ ಸಿಕ್ಕಾಕೊಳತ್ತೆ, ಹೋದ ವರ್ಷ ಹಂಗೇ ಆಗಿ ಟ್ರ್ಯಾಕ್ ಕಳಚಿತು, ಅದಕ್ಕೇ ಈ ಸಲ ಅರ್ಧ ಕತ್ತರಿಸಿ, ಕತ್ತರಿಸಿದ ಕಡೆ ಕೆಳಗೆ ಮಾಡಿ ಇಟ್ವಿ, ಪಚಕ್ ಅಂತ ಆಯ್ತು. ನೀವೂ ಮಾಡೋದಾದ್ರೆ ಆಮೇಲೆ ಒದ್ದೆ ಬಟ್ಟೇಲಿ ಟ್ರ್ಯಾಕ್ ಒರೆಸಿ ಒಣಗಿಸಿ, ಹುಳಿ ಹಂಗೇ ಬಿಟ್ರೆ ಪಿನ್‌ಗಳು ತುಕ್ಕು ಹಿಡಿಯತ್ತೆ.